ಕತ್ತರಿ ಹಿಡಿದ ಮೇಲೆ ಡಿರೈವೇಟಿವ್ ಅರ್ಥವಾಯಿತು

ಡಿರೈವೇಟಿವ್ (ಗ್ರಾಫಿನ ಗೆರೆ ಒಂದೊಂದು ಕಡೆ ಎಷ್ಟು ಏರುತ್ತದೆ, ಎಷ್ಟು ಇಳಿಯುತ್ತದೆ ಎಂಬ ಲೆಕ್ಕ) ಪಾಠ ಶುರು ಮಾಡಿದರೆ ಸಾಕು, ಹಿಂದಿನ ಬೆಂಚಿನವರು ತೂಕಡಿಸುತ್ತಿದ್ದರು. ಸೂತ್ರ ಎಲ್ಲರಿಗೂ ಬಾಯಿಪಾಠ. ಆದರೆ ಗರಿಷ್ಠ ಎಲ್ಲಿ ಎಂದು ಹುಡುಕುವಾಗ ಡಿರೈವೇಟಿವನ್ನು ಸೊನ್ನೆಗೆ ಯಾಕೆ ಸಮ ಮಾಡಬೇಕು ಎಂದರೆ ಯಾರೂ ಬಾಯಿ ಬಿಡುತ್ತಿರಲಿಲ್ಲ. ಇದು ನನ್ನನ್ನು ತುಂಬಾ ಕಾಡುತ್ತಿತ್ತು.

ಒಂದು ದಿನ ಬೋರ್ಡ್ ಮುಟ್ಟಲೇ ಇಲ್ಲ. ನಾಲ್ಕು ಜನರಿಗೊಂದು ಎ4 ಹಾಳೆ, ಕತ್ತರಿ, ಸ್ಕೇಲು ಕೊಟ್ಟೆ. ನಾಲ್ಕೂ ಮೂಲೆಯಲ್ಲಿ ಒಂದೇ ಅಳತೆಯ ಚೌಕ ಕತ್ತರಿಸಿ, ಅಂಚು ಮಡಚಿ, ಮುಚ್ಚಳವಿಲ್ಲದ ಡಬ್ಬಿ ಮಾಡಿ ಎಂದೆ. ಯಾರ ಡಬ್ಬಿ ಜಾಸ್ತಿ ಹಿಡಿಸುತ್ತದೆ? ಹಾಳೆ 21 ಸೆಂ.ಮೀ. ಅಗಲ, 29.7 ಸೆಂ.ಮೀ. ಉದ್ದ. 3 ಸೆಂ.ಮೀ. ಕತ್ತರಿಸಿದವರಿಗೆ 1066.5 ಘನ ಸೆಂ.ಮೀ. ಬಂತು, 5 ಕತ್ತರಿಸಿದವರಿಗೆ 1083.5. 4 ಕತ್ತರಿಸಿದವರಿಗೆ 1128.4! ಎಲ್ಲವನ್ನೂ ಗ್ರಾಫಿನಲ್ಲಿ ಗುರುತಿಸಿದೆವು. ಗುಡ್ಡದಂಥ ಗೆರೆ ಬಂತು.

"ಸರ್, ತುದಿಯಲ್ಲಿ ಏರೂ ಇಲ್ಲ, ಇಳಿಜಾರೂ ಇಲ್ಲ. ಅದಕ್ಕೇ ಸೊನ್ನೆ, ಅಲ್ವಾ?" ಎಂದಳು, ಅಲ್ಲಿಯವರೆಗೆ ತರಗತಿಯಲ್ಲಿ ಮಾತೇ ಆಡದಿದ್ದ ಹುಡುಗಿ. ಆಗ ಆದ ಖುಷಿ ಹೇಳತೀರದು. ಆಮೇಲೆ ಡಿರೈವೇಟಿವನ್ನು ಸೊನ್ನೆಗೆ ಸಮ ಮಾಡಿ ಲೆಕ್ಕ ಮಾಡಿದರೆ, ಕತ್ತರಿಸಬೇಕಾದ ಅಳತೆ ಸುಮಾರು 4.04 ಸೆಂ.ಮೀ.

ಎಲ್ಲ ಅಧ್ಯಾಯಕ್ಕೂ ಇದು ಹೊಂದುವುದಿಲ್ಲ, ಸುಮ್ನೆ ಎಳೆದು ತರಲೂಬಾರದು. ನೀವು ಮಾಡುವುದಾದರೆ ಮೊದಲು ಊಹೆ ಬರೆಸಿ, ಆಮೇಲೆ ಕತ್ತರಿ ಕೊಡಿ. ಊಹೆ ತಪ್ಪಿದವರೇ ಪಟ್ಟು ಬಿಡದೆ ಕೊನೆಯವರೆಗೂ ಲೆಕ್ಕ ಮಾಡಿದರು.