ನಿಮ್ ಶೆಲ್ ಸ್ಕ್ರಿಪ್ಟ್ ಎಲ್ಲಾ ಒಂದೇ ಕಡಿ ಇಟ್ಕೊಳ್ಳೋದು ಹ್ಯಾಂಗ?

ಕಲಬುರಗಿ ಗಂಜ್‌ನಾಗ ನಮ್ ಮಾಮಾಂದು ತೊಗರಿ ಅಡತಿ ಅಂಗಡಿ ಅದ, ಅಲ್ಲಿ ಕಂಪ್ಯೂಟರ್ ನಾನೇ ನೋಡ್ಕೋತೀನಿ, ಉಬುಂಟು ಅನ್ನೋ ಲಿನಕ್ಸ್ ಹಾಕೀನಿ. ಸೀಸನ್‌ನಾಗ ದಿನಾ ಪಟ್ಟಿ ಸ್ಕ್ಯಾನ್ ಮಾಡಿ, ತಾರೀಖು ಹಾಕಿ, ಪೆನ್‌ಡ್ರೈವ್‌ಗೆ ಕಾಪಿ ಮಾಡ್ಬೇಕು, ಅದಕ್ಕ ಸಣ್ಣ ಸಣ್ಣ ಶೆಲ್ ಸ್ಕ್ರಿಪ್ಟ್, ಅಂದ್ರ ಕಮಾಂಡ್ ಸಾಲಾಗಿ ಬರ್ದಿಟ್ಟ ಫೈಲ್, ಮಾಡಿದ್ದೆ ಆದ್ರ ಒಂದು ಡೆಸ್ಕ್‌ಟಾಪ್ ಮ್ಯಾಲ, ಒಂದು ಡೌನ್‌ಲೋಡ್ಸ್‌ನಾಗ, ಬೇಕಾದಾಗ ಒಂದೂ ಸಿಗ್ತಿರಲಿಲ್ಲ.

ಮೊದ್ಲು ನಿಮ್ ಹೋಮ್ ಫೋಲ್ಡರ್‌ನಾಗ ಬಿನ್ ಅಂತ ಒಂದು ಫೋಲ್ಡರ್ ಮಾಡ್ರಿ, ಹೆಸರು ಇಂಗ್ಲಿಷ್ ಸಣ್ಣಕ್ಷರದಾಗ ಇರ್ಲಿ. ಸ್ಕ್ರಿಪ್ಟ್ ಎಲ್ಲಾ ಅದರಾಗೇ ಹಾಕ್ರಿ. ಉಬುಂಟುದಾಗ ಲಾಗೌಟ್ ಆಗಿ ಮತ್ತ ಲಾಗಿನ್ ಆದ್ರ ಸಾಕು, ಆ ಫೋಲ್ಡರ್ ತಾನೇ ಪಾತ್‌ಗೆ ಸೇರ್ತದ. ಪಾತ್ ಅಂದ್ರ ನೀವು ಕಮಾಂಡ್ ಟೈಪ್ ಮಾಡಿದಾಗ ಶೆಲ್ (ಕಮಾಂಡ್ ಓದಿ ನಡಸೋ ಪ್ರೋಗ್ರಾಂ) ಯಾವ್ ಯಾವ್ ಫೋಲ್ಡರ್‌ನಾಗ ಹುಡುಕ್ಬೇಕು ಅನ್ನೋ ಪಟ್ಟಿ. ಮ್ಯಾಕ್ ಇದ್ರ ಇದು ತಾನೇ ಆಗಂಗಿಲ್ಲ, 2019ರ ಕ್ಯಾಟಲಿನಾದಿಂದ ಅಲ್ಲಿ ಝೆಡ್ ಶೆಲ್ ಬರ್ತದ, ಅದರ ಸೆಟ್ಟಿಂಗ್ ಫೈಲ್‌ನಾಗ ಪಾತ್ ಸಾಲು ನೀವೇ ಸೇರಿಸ್ಬೇಕು.

ಪ್ರತಿ ಸ್ಕ್ರಿಪ್ಟ್‌ನ ಮೊದಲನೇ ಸಾಲು ಶೆಬ್ಯಾಂಗ್, ಅಂದ್ರ ಹ್ಯಾಶ್ ಮತ್ತ ಆಶ್ಚರ್ಯಸೂಚಕ ಗುರುತು ಹಾಕಿ ಬ್ಯಾಶ್ (ಉಬುಂಟುದಾಗ ಬರೋ ಶೆಲ್) ಎಲ್ಲಿ ಅದ ಅಂತ ಬರಿಯೋದು. ಆಮ್ಯಾಲ ಸ್ಕ್ರಿಪ್ಟ್ ಓಡಿಸೋಕ್ಕ ಅನುಮತಿ ಕೊಡೋ ಸಿಎಚ್‌ಮೋಡ್ ಪ್ಲಸ್ ಎಕ್ಸ್ ಕಮಾಂಡ್ ಕೊಡ್ರಿ, ಇದು ಮರ್ತ್ರ ಪರ್ಮಿಷನ್ ಡಿನೈಡ್ ಅಂತದ. ಸ್ಕ್ರಿಪ್ಟಿಗೆ ಟೆಸ್ಟ್ ಅಂತ ಹೆಸರು ಇಡಬ್ಯಾಡ್ರಿ, ಆ ಹೆಸರಿನ ಕಮಾಂಡ್ ಬ್ಯಾಶ್ ಒಳಗೇ ಅದ, ನಿಮ್ದು ಓಡಂಗೇ ಇಲ್ಲ.

ಈಗ ಹೇಳೋದು ದಯವಿಟ್ಟು ಲಕ್ಷ್ಯ ಕೊಟ್ಟು ಓದ್ರಿ. ನಮ್ ಮಂದಿ ಫೈಲ್ ಹೆಸರಿನಾಗ ಜಾಗ ಬಿಟ್ಟೇ ಬಿಡ್ತಾರ, ಸ್ಕ್ರಿಪ್ಟಿನಾಗ ಡಾಲರ್ ಗುರುತಿನ ವೇರಿಯಬಲ್‌ಗೆ (ಫೈಲ್ ಹೆಸರು ಹಿಡ್ಕೊಂಡಿರೋ ಪದ) ಡಬಲ್ ಕೋಟ್ ಹಾಕ್ಲಿಲ್ಲ ಅಂದ್ರ ಬ್ಯಾಶ್ ಅಲ್ಲೇ ಹೆಸರು ತುಂಡು ಮಾಡ್ತದ. ನಾನು "ಪಟ್ಟಿ ಹಳೇದು" ಅನ್ನೋ ಫೈಲ್ ಅಳಿಸೋಕ್ಕ ಸ್ಕ್ರಿಪ್ಟ್ ಓಡಿಸ್ದೆ, ಅದು "ಪಟ್ಟಿ" ಒಂದು, "ಹಳೇದು" ಒಂದು ಅಂತ ತಿಳ್ಕೊಂಡು ಪಕ್ಕದಾಗಿದ್ದ "ಪಟ್ಟಿ" ಅನ್ನೋ ಹೊಸಾ ಫೈಲ್ ಅಳಿಸಿಬಿಡ್ತು, ಹಳೇದು ಹಂಗೇ ಉಳೀತು. ಆರ್‌ಎಂ ಕಮಾಂಡ್ ಅಳಿಸಿದ್ದು ಟ್ರ್ಯಾಶ್‌ಗೆ ಹೋಗಂಗಿಲ್ಲ, ಆವತ್ತಿನ ಲೆಕ್ಕ ರಾತ್ರಿ ಕೂತು ಮತ್ತ ಬರ್ದ್ವಿ. ಶೆಲ್‌ಚೆಕ್ ಅಂತ ಫ್ರೀ ಟೂಲ್ ಅದ, ಕೋಟ್ ಬಿಟ್ಟಿದ್ದ ಜಾಗ ಅದೇ ತೋರಿಸ್ತದ, ಹೊಸಾ ಸ್ಕ್ರಿಪ್ಟ್ ಓಡಿಸೋ ಮೊದ್ಲು ಒಂದ್ಸಲ ಅದಕ್ಕ ತೋರಿಸ್ರಿ. ಅಳಿಸೋ ಸ್ಕ್ರಿಪ್ಟ್ ಇದ್ರ ಆರ್‌ಎಂ ಜಾಗದಾಗ ಮೊದ್ಲು ಎಕೋ (ಬರೇ ತೋರಿಸೋ ಕಮಾಂಡ್) ಹಾಕಿ ಯಾವ್ ಹೆಸರು ಬರ್ತಾವ ನೋಡ್ರಿ.

ಗಿಟ್ ಅಂದ್ರ ಫೈಲ್‌ನ ಹಳೇ ರೂಪ ಎಲ್ಲಾ ನೆನಪಿಟ್ಕೊಳ್ಳೋ ಟೂಲ್; ಕಡೀಗೆ ಬಿನ್ ಫೋಲ್ಡರ್‌ನಾಗ ಗಿಟ್ ಇನಿಟ್ ಕೊಟ್ಟು ಅದನ್ನ ಶುರು ಮಾಡಿ, ಬದಲಾವಣೆ ಮಾಡಿದಾಗೆಲ್ಲಾ ಕಮಿಟ್ ಮಾಡ್ರಿ, ಅಂದ್ರ ಆಗಿನ ರೂಪ ಅದರಾಗ ಉಳಿಸ್ರಿ, ಹಾಳಾದ್ರ ನಿನ್ನೆದು ವಾಪಸ್ ಸಿಗ್ತದ. ಪೂರಾ ಫೋಲ್ಡರ್ ಪೆನ್‌ಡ್ರೈವ್‌ನಾಗೂ ಒಂದು ಇಡ್ರಿ.