ಪಂಪಿನ ಲೆಕ್ಕ ಬೇರೆ, ಪೈಪಿನ ತುದಿಯ ವಾಸನೆ ಬೇರೆ

ಮಂಗಳೂರಿಗೆ ಕೊಳವೆಯಲ್ಲಿ ಬರುವ ನೈಸರ್ಗಿಕ ಗ್ಯಾಸಿಗೆ (ಬಹುಪಾಲು ಮೀಥೇನ್) ಸ್ವಂತ ವಾಸನೆ ಇಲ್ಲ. ಹಡಗಿನಲ್ಲಿ ದ್ರವವಾಗಿ ಕೊಚ್ಚಿಗೆ ಬರುತ್ತದೆ, ಅಲ್ಲಿ ಮತ್ತೆ ಗ್ಯಾಸ್ ಆಗಿ 450 ಕಿಲೋಮೀಟರ್ ಕೊಳವೆ ಹಾದು ಇಲ್ಲಿಗೆ ಮುಟ್ಟುತ್ತದೆ. ಆ ಲೈನ್ ಉದ್ಘಾಟನೆಯಾದದ್ದು 2021ರ ಜನವರಿಯಲ್ಲಿ. ದೊಡ್ಡ ಲೈನಿನಲ್ಲಿ ವಾಸನೆ ಬೆರೆಸುವುದಿಲ್ಲ. ವಾಸನೆ ಕೊಡುವ ವಸ್ತುವಿನಲ್ಲಿ ಗಂಧಕ ಇರುತ್ತದೆ. ಗೊಬ್ಬರ ಕಾರ್ಖಾನೆಯಂಥ ಗಿರಾಕಿಗಳಿಗೆ ಗಂಧಕ ಬಂದರೆ ಅವರ ಕ್ಯಾಟಲಿಸ್ಟ್ (ರಾಸಾಯನಿಕ ಕ್ರಿಯೆಗೆ ವೇಗ ಕೊಡುವ ವಸ್ತು) ಕೆಡುತ್ತದೆ. ಹಾಗಾಗಿ ಊರಿನ ಬಾಗಿಲಲ್ಲಿ, ಅಂದರೆ ಸಿಟಿ ಗೇಟ್ ಸ್ಟೇಷನ್ನಿನಲ್ಲಿ, ಊರೊಳಗೆ ಹೋಗುವ ಗ್ಯಾಸಿಗೆ, ಸೋರಿದರೆ ಮೂಗಿಗೆ ತಿಳಿಯಲಿ ಅಂತ, ಈಥೈಲ್ ಮರ್ಕಾಪ್ಟಾನ್ ಎಂಬ ಜೋರು ವಾಸನೆಯ ರಾಸಾಯನಿಕ ಹಾಕುತ್ತೇವೆ. ಅದು ಸರಿಯಾಗಿ ಬೆರೆತಿದೆಯಾ ಅಂತ ನೋಡುವ ಯಂತ್ರಗಳ ಉಸ್ತುವಾರಿ ನನ್ನದು.

ಎಷ್ಟು ಬೆರೆಸಬೇಕು? ಮೀಥೇನ್ ಗಾಳಿಯಲ್ಲಿ ಶೇ 5 ಆದಾಗ ಬೆಂಕಿ ಹಿಡಿಯುವ ಮಟ್ಟಕ್ಕೆ ಬರುತ್ತದೆ. ಅದರ ಐದನೇ ಒಂದು ಪಾಲು, ಅಂದರೆ ಶೇ 1 ಇರುವಾಗಲೇ ಸಾಮಾನ್ಯ ಮೂಗಿಗೆ ಗೊತ್ತಾಗಬೇಕು. 1937ರ ಮಾರ್ಚ್‌ನಲ್ಲಿ ಅಮೆರಿಕದ ಟೆಕ್ಸಸ್‌ನ ನ್ಯೂ ಲಂಡನ್ ಎಂಬಲ್ಲಿ ವಾಸನೆಯಿಲ್ಲದ ಗ್ಯಾಸ್ ಶಾಲೆಯ ನೆಲದಡಿ ತುಂಬಿ ಸಿಡಿದು ಮುನ್ನೂರರ ಹತ್ತಿರ ಜನ ಸತ್ತರು. ಹೆಚ್ಚಿನವರು ಮಕ್ಕಳು. ವಾಸನೆ ಕಡ್ಡಾಯವಾದದ್ದು ಅದರ ನಂತರ.

ಮರ್ಕಾಪ್ಟಾನ್ ಅಳತೆಯಲ್ಲಿ ಹಾಕುವ ಡೋಸಿಂಗ್ ಪಂಪು ಬಹಳ ನಂಬಿಗಸ್ತ ಸಾಮಾನು. ಮೀಟರ್ ಹರಿವು ಹೇಳುತ್ತದೆ, ಪಂಪು ಅಷ್ಟಕ್ಕೆ ತಕ್ಕ ಹಾಗೆ ಹೊಡೆತ ಕೊಡುತ್ತದೆ. ತಿಂಗಳ ಕೊನೆಗೆ ಟ್ಯಾಂಕಿನಲ್ಲಿ ಎಷ್ಟು ಇಳಿಯಿತು, ಎಷ್ಟು ಗ್ಯಾಸ್ ಹೋಯಿತು ಅಂತ ಭಾಗಿಸಿದರೆ ಲೆಕ್ಕ ಚಂದ ಸಿಗುತ್ತದೆ. ಆದರೆ ಅದು ನಾವು ಒಳಗೆ ಹಾಕಿದ್ದರ ಲೆಕ್ಕ. ಸುರತ್ಕಲ್ ಕಡೆಯ ಕೊನೇ ಮನೆಯ ಒಲೆಗೆ ಎಷ್ಟು ಮುಟ್ಟಿತು ಅನ್ನುವುದು ಅದರಲ್ಲಿ ಇಲ್ಲ.

ಇದು ನನಗೆ ಚೆನ್ನಾಗಿ ಮನದಟ್ಟಾದದ್ದು ಒಂದು ಹೊಸ ಲೈನಿನಲ್ಲಿ. ಹೊಸ ಉಕ್ಕಿನ ಪೈಪು, ಮುಂದೆ ಬಡಾವಣೆಗೆ ಎಂ.ಡಿ.ಪಿ.ಇ. ಎಂಬ ಪ್ಲಾಸ್ಟಿಕ್ ಪೈಪು, ಕನೆಕ್ಷನ್ ಕೊಟ್ಟ ಮನೆಗಳು ಕೆಲವೇ. ಸ್ಟೇಷನ್ನಿನ ಅನಲೈಸರ್, ಅಂದರೆ ಮರ್ಕಾಪ್ಟಾನ್ ಅಳೆಯುವ ಯಂತ್ರ, ಸರಿಯಾದ ಅಂಕಿ ತೋರಿಸುತ್ತಿತ್ತು. ಕೈಯಲ್ಲಿ ಹಿಡಿದು ಹೋಗುವ ಕ್ರೊಮ್ಯಾಟೋಗ್ರಾಫ್ (ಗ್ಯಾಸಿನ ಅಂಶಗಳನ್ನು ಬೇರ್ಪಡಿಸಿ ಒಂದೊಂದನ್ನೂ ಗೆರೆಯ ಶಿಖರವಾಗಿ ತೋರಿಸುವ ಯಂತ್ರ) ತುದಿಗೆ ಒಯ್ದರೆ ಅರ್ಧಕ್ಕಿಂತ ಕಡಿಮೆ. ಸ್ಕ್ರೀನಿನ ಗೆರೆ ನೋಡಿದೆ. ಈಥೈಲ್ ಮರ್ಕಾಪ್ಟಾನಿನ ಶಿಖರ ಕುಗ್ಗಿತ್ತು. ಅದು ಮುಗಿದು ತುಂಬ ಹೊತ್ತಿನ ಮೇಲೆ, ಮಾಮೂಲಿಯಾಗಿ ಗೆರೆ ಸಪಾಟಾಗಿರುವ ಕಡೆ, ಒಂದು ಅಗಲ ಗುಬ್ಬು ಎದ್ದಿತ್ತು. ಅದು ಡೈಸಲ್ಫೈಡ್ ಎಂಬ ಬೇರೆ ರಾಸಾಯನಿಕ. ಪೈಪಿನ ಒಳಗಿನ ತುಕ್ಕು ಮರ್ಕಾಪ್ಟಾನನ್ನು ಹಾಗೆ ಬದಲಿಸುತ್ತದೆ. ಅದಕ್ಕೆ ಈ ಚುರುಕು ವಾಸನೆ ಇಲ್ಲ. ಉಳಿದದ್ದನ್ನು ಹೊಸ ಮಡಕೆ ನೀರು ಕುಡಿದ ಹಾಗೆ ಪೈಪಿನ ಗೋಡೆಯೇ ಕುಡಿಯುತ್ತದೆ. ಹರಿವು ಕಡಿಮೆ ಇದ್ದಷ್ಟೂ ಕುಡಿಯಲು ಸಮಯ ಜಾಸ್ತಿ.

ಮದ್ದು ಕಷ್ಟದ್ದಲ್ಲ, ಆದರೆ ತಾಳ್ಮೆ ಬೇಕು. ಸ್ವಲ್ಪ ಕಾಲ ಡೋಸ್ ಏರಿಸಿ, ಗೋಡೆಗೆ ಸಾಕಾಗುವಷ್ಟು ಕುಡಿಸಿ, ತುದಿಯ ಅಂಕಿ ನಿಲ್ಲುವವರೆಗೆ ಅಳೆಯುತ್ತಾ ಹೋಗಬೇಕು. ಆಮೇಲೆ ಡೋಸ್ ಇಳಿಸಬೇಕು. ಅಂದಿನಿಂದ ಹೊಸ ಲೈನ್ ಚಾರ್ಜ್ ಮಾಡಿದರೆ, ಅಂದರೆ ಗ್ಯಾಸ್ ತುಂಬಿಸಿದರೆ, ತುದಿಯಲ್ಲಿ ಅಳೆಯದೆ ನಾನು ಸಹಿ ಹಾಕುವುದಿಲ್ಲ.

ಅಳೆಯುವುದರಲ್ಲೂ ಇದೇ ಕಾಟ. ಸ್ಯಾಂಪಲ್ ಟ್ಯೂಬೂ ಮರ್ಕಾಪ್ಟಾನ್ ಕುಡಿಯುತ್ತದೆ. ಬರೀ ಸ್ಟೀಲ್ ಟ್ಯೂಬ್ ಹಾಕಿ ಮೊದಲ ಓದನ್ನು ಬರೆದುಕೊಂಡರೆ ಇಡೀ ಊರಿಗೆ ವಾಸನೆ ಕಡಿಮೆ ಅಂತ ರಿಪೋರ್ಟ್ ಆಗುತ್ತದೆ. ನಾವು ಟೆಫ್ಲಾನ್ ಅಥವಾ ಒಳಗೆ ಸಿಲಿಕಾ ಲೇಪನ ಇರುವ ಟ್ಯೂಬ್ ಹಾಕುತ್ತೇವೆ, ಆದಷ್ಟು ಗಿಡ್ಡ. ಒಂದರ ಹಿಂದೆ ಒಂದು ಓದು ಹೊಂದುವವರೆಗೆ ಗ್ಯಾಸ್ ಹರಿಯಬಿಡುತ್ತೇವೆ. ಹೊರಗೆ ಹೋಗುವ ಗ್ಯಾಸಿಗೆ ಇದ್ದಿಲಿನ ಡಬ್ಬಿ ಕಟ್ಟುತ್ತೇವೆ. ಇಲ್ಲದಿದ್ದರೆ ಗ್ಯಾಸ್ ಸೋರುತ್ತಿದೆ ಅಂತ ಓಣಿಯಿಡೀ ಫೋನು ಹಿಡಿದು ನಿಲ್ಲುತ್ತದೆ. ಇನ್ನೊಂದು ಮಾತು, ಘಟಕ ನೋಡಿಕೊಳ್ಳಿ. 10 ಮಿಲಿಗ್ರಾಂ ಈಥೈಲ್ ಮರ್ಕಾಪ್ಟಾನ್ ಒಂದು ಘನ ಮೀಟರಿಗೆ ಅಂದರೆ ಸುಮಾರು 4 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 4 ಪಾಲು). ಯಂತ್ರ ಒಂದರಲ್ಲಿ, ರಿಜಿಸ್ಟರ್ ಇನ್ನೊಂದರಲ್ಲಿ ಇದ್ದರೆ ಜಗಳ ಖಾತ್ರಿ.

ಕ್ಯಾಲಿಬ್ರೇಷನ್ನಿಗೆ, ಅಂದರೆ ಗೊತ್ತಿರುವ ಪ್ರಮಾಣ ಕೊಟ್ಟು ಯಂತ್ರದ ಅಂಕಿ ಸರಿ ಇದೆಯಾ ಅಂತ ನೋಡುವುದಕ್ಕೆ, ನನಗೆ ಇಷ್ಟ ಪರ್ಮಿಯೇಷನ್ ಟ್ಯೂಬ್. ಬೆರಳಿನಷ್ಟು ಉದ್ದದ ಟೆಫ್ಲಾನ್ ಕೊಳವೆ, ಒಳಗೆ ಮರ್ಕಾಪ್ಟಾನ್ ದ್ರವ, ಎರಡೂ ಬದಿ ಮುಚ್ಚಿದ್ದು. ಸಣ್ಣ ಓವನ್ನಿನಲ್ಲಿ ಒಂದೇ ಶಾಖದಲ್ಲಿಟ್ಟರೆ ನಿಮಿಷಕ್ಕೆ ಇಷ್ಟೇ ನ್ಯಾನೋಗ್ರಾಂ ಅಂತ ಗೋಡೆಯ ಮೂಲಕ ಹೊರಬರುತ್ತದೆ. ತೂಕ ಎಷ್ಟು ಇಳಿಯಿತು ಅಂತ ನೋಡಿದರೆ ದರ ಸಿಕ್ಕಿತು. ಕ್ಯಾಲಿಬ್ರೇಷನ್ನಿಗೆ ಅಂತ ಸಿಗುವ ಸಿಲಿಂಡರ್ ಗ್ಯಾಸಿನಲ್ಲಿ ಮರ್ಕಾಪ್ಟಾನ್ ನಿಧಾನಕ್ಕೆ ಸವೆಯುತ್ತದೆ, ಅದರ ವಾಯಿದೆ ದಿನಾಂಕವನ್ನು ನಾನು ಕಣ್ಣು ಮುಚ್ಚಿ ನಂಬುವುದಿಲ್ಲ.

ಪತ್ತನಾಜೆ (ಮೇ ಕೊನೆಗೆ ಬರುವ ತುಳುನಾಡಿನ ಆಚರಣೆ) ಕಳೆದು ಮಳೆ ಹಿಡಿದರೆ ಬೇರೆಯೇ ಕಥೆ. ನಮ್ಮ ಕೈಯಂತ್ರ ಸುತ್ತಲಿನ ಗಾಳಿಯನ್ನೇ ಶೋಧಿಸಿ ಒಳಗೆ ಓಡಿಸುತ್ತದೆ. ಜುಲೈಯಲ್ಲಿ ಆ ಗಾಳಿಯ ತೇವ ಹೀರುವ ಸಿಲಿಕಾ ಜೆಲ್ ನೋಡನೋಡುತ್ತಾ ಬಣ್ಣ ಬಿಡುತ್ತದೆ. ಜೆಲ್ ಯಾವಾಗ ಬದಲಿಸಬೇಕು ಅಂತ ಬೇಸಿಗೆಯಲ್ಲಿ ಮಾಡಿದ ಪಟ್ಟಿ ಮಳೆಗಾಲಕ್ಕೆ ಲೆಕ್ಕವೇ ಅಲ್ಲ. ಮೀನು ಇಳಿಸುವ ದಕ್ಕೆಯ ಹತ್ತಿರ, ಒಣಮೀನು ಹರಡಿದ ಕಡೆ ಇದ್ದಿಲಿನ ಫಿಲ್ಟರೂ ಬೇಗ ಸೋಲುತ್ತದೆ. ಅದಕ್ಕೆ ಮೊದಲಿನ ಸಿಡಿಲಿನ ಕಾಲದಲ್ಲಿ ಸಿಗ್ನಲ್ ತಂತಿಗೆ ಸರ್ಜ್ ಪ್ರೊಟೆಕ್ಟರ್ (ಸಿಡಿಲಿನ ಹೊಡೆತ ತಡೆಯುವ ಸಾಧನ) ಇಲ್ಲದಿದ್ದರೆ ಯಂತ್ರದ ಎಲೆಕ್ಟ್ರಾನಿಕ್ ಕಾರ್ಡ್ ಹೋಯಿತು ಅಂತಲೇ ತಿಳಿಯಿರಿ. ಅನಲೈಸರ್ ಕ್ಯಾಬಿನ್ ಡೋಸಿಂಗ್ ಸ್ಕಿಡ್ಡಿನಿಂದ, ಅಂದರೆ ಪಂಪು ಮತ್ತು ಟ್ಯಾಂಕು ಕೂರಿಸಿದ ಚೌಕಟ್ಟಿನಿಂದ, ದೂರ ಇರಲಿ. ಡ್ರಮ್ ಬದಲಿಸುವಾಗ ಒಂದು ತೊಟ್ಟು ಚೆಲ್ಲಿದರೂ ಸೆನ್ಸರ್ ತಲೆ ತಿರುಗಿ ಕೂರುತ್ತದೆ.

"ಅನಲೈಸರಿನ ಅಂಕಿಗೇ ಪಂಪು ಕಟ್ಟಿಬಿಡಿ, ಎಲ್ಲ ತನ್ನಷ್ಟಕ್ಕೆ ಆಗುತ್ತದೆ" ಅಂತ ಸಲಹೆ ಕೊಡುವವರು ಸಿಗುತ್ತಾರೆ. ನಾನು ಒಪ್ಪುವುದಿಲ್ಲ. ರಾತ್ರಿ ಸಿ.ಎನ್.ಜಿ. ಪಂಪುಗಳಲ್ಲಿ ಆಟೋ ಸಾಲು ಕರಗಿದಾಗ ಹರಿವು ಬಿದ್ದುಹೋಗುತ್ತದೆ. ಹೊಡೆತಗಳ ನಡುವೆ ಅಂತರ ಬೆಳೆಯುತ್ತದೆ. ಸ್ಕಾಡಾ (ದೂರದಿಂದ ಯಂತ್ರಗಳ ಅಂಕಿ ನೋಡುವ ಕಂಪ್ಯೂಟರ್ ವ್ಯವಸ್ಥೆ) ಗ್ರಾಫು ಗರಗಸದ ಹಲ್ಲಿನಂತೆ ಏರಿಳಿಯುತ್ತದೆ. ಆ ಏರಿಳಿತದ ಹಿಂದೆ ಪಂಪು ಓಡಿದರೆ ಇಲ್ಲಿ ಜಾಸ್ತಿ, ಅಲ್ಲಿ ಕಡಿಮೆ. ಡೋಸ್ ಹರಿವಿನ ಲೆಕ್ಕದಲ್ಲೇ ಹೋಗಲಿ. ಅನಲೈಸರ್ ಅಲಾರಂ ಕೊಡಲಿ, ಮನುಷ್ಯ ತಿದ್ದಲಿ. ಗರಗಸಕ್ಕೆ ಪರಿಹಾರ ಪಂಪಿನ ಹೊಡೆತ ಸಣ್ಣದು ಮಾಡುವುದು.

ಗಿರಾಕಿಗಳದ್ದು ಬೇರೆ ಪ್ರಶ್ನೆ. "ಅಣ್ಣಾ, ಸಿಲಿಂಡರ್ ಮುಗಿಯುವಾಗ ಜೋರು ವಾಸನೆ ಬರ್ತಿತ್ತು. ಇದರಲ್ಲಿ ಇಲ್ವಲ್ಲ ಮಾರಾಯ್ರೆ, ಗ್ಯಾಸ್ ಸರಿ ಉಂಟಾ?" ಸರಿ ಉಂಟು. ಸಿಲಿಂಡರಿನಲ್ಲಿ ಗ್ಯಾಸ್ ಬೇಗ ಆವಿಯಾಗುತ್ತದೆ, ಮರ್ಕಾಪ್ಟಾನ್ 35 ಡಿಗ್ರಿಗೆ ಕುದಿಯುವುದು, ಹಿಂದೆ ಉಳಿಯುತ್ತದೆ. ಹಾಗಾಗಿ ಕೊನೆಗೆ ವಾಸನೆ ಗಟ್ಟಿ. ಕೊಳವೆಯಲ್ಲಿ ಕೊನೆ ಅಂತ ಇಲ್ಲ. ಒಲೆ ಉರಿಯುವಾಗ ವಾಸನೆ ಬಾರದಿರುವುದೇ ಸರಿ, ಅದು ಸುಟ್ಟುಹೋಗುತ್ತದೆ.

ಯಂತ್ರ ಬಂತು ಅಂತ ಮೂಗಿನ ಪರೀಕ್ಷೆ ಬಿಟ್ಟಿಲ್ಲ. ಗ್ಯಾಸನ್ನು ಗಾಳಿಗೆ ಅಳತೆಯಲ್ಲಿ ಬೆರೆಸುವ ಓಡೋರೋಮೀಟರ್ ಹಿಡಿದು, ಎಷ್ಟು ಶೇಕಡಾದಲ್ಲಿ ವಾಸನೆ ತಿಳಿಯಿತು ಅಂತ ಬರೆಯುತ್ತೇವೆ. ಬೀಡಿ ಸೇದಿ ಬಂದವರನ್ನು, ನೆಗಡಿ ಆದವರನ್ನು, ಸ್ಟೇಷನ್ನಿನಲ್ಲಿ ಬೆಳಗ್ಗಿನಿಂದ ಕೂತವರನ್ನು ಕರೆದುಕೊಂಡು ಹೋಗುವುದಿಲ್ಲ. ಕೊನೆಯವರ ಮೂಗು ಆಗಲೇ ದಣಿದಿರುತ್ತದೆ. ರಿಜಿಸ್ಟರಿನಲ್ಲಿ ಯಂತ್ರದ ಅಂಕಿ, ಮೂಗಿನ ಶೇಕಡಾ ಎರಡೂ ಪಕ್ಕಪಕ್ಕ. ಅಂಕಿ ಸರಿಯಾಗಿದ್ದು ಮೂಗು ಮಾತ್ರ ಕಡಿಮೆ ಅಂದರೆ ಇನ್ನೊಬ್ಬರನ್ನು ಕರೆಸುತ್ತೇವೆ. ಅವರೂ ಹಾಗೇ ಅಂದರೆ ಅನಲೈಸರನ್ನು ಲೈನಿನಿಂದ ತೆಗೆದು ಪರ್ಮಿಯೇಷನ್ ಟ್ಯೂಬಿಗೆ ಕಟ್ಟುತ್ತೇವೆ.