1,800 ಸಾಲಿನ ಎಕ್ಸ್‌ಎಂಎಲ್ ಬಿಟ್ಟು ಅನೊಟೇಷನ್‌ಗೆ ಬಂದದ್ದು

ನಾನು ನೋಡಿಕೊಳ್ಳುವ ಬಿಲ್ಲಿಂಗ್ ಅಪ್ಲಿಕೇಶನ್ ಹಳೇ ಸ್ಪ್ರಿಂಗ್ (ಜಾವಾ ಫ್ರೇಮ್‌ವರ್ಕ್) ಕಾಲದ್ದು. ಬೀನ್‌ಗಳೆಲ್ಲ, ಅಂದರೆ ಸ್ಪ್ರಿಂಗ್ ತಾನೇ ಮಾಡಿ ಜೋಡಿಸುವ ಆಬ್ಜೆಕ್ಟ್‌ಗಳೆಲ್ಲ, ಒಂದೇ ಎಕ್ಸ್‌ಎಂಎಲ್ ಫೈಲಿನಲ್ಲಿ, ಸುಮಾರು 1,800 ಸಾಲು. ಹೊಸ ಕ್ಲಾಸ್ ಬರೆದಾಗಲೆಲ್ಲ ಅಲ್ಲಿಗೆ ಹೋಗಿ ಬೀನ್ ಸೇರಿಸಬೇಕು. ಕ್ಲಾಸಿನ ಹೆಸರು ಬದಲಾಯಿಸಿ ಅಲ್ಲಿ ತಿದ್ದಲು ಮರೆತರೆ ಕಂಪೈಲರ್ ಏನೂ ಹೇಳುವುದಿಲ್ಲ, ಸರ್ವರ್ ಸ್ಟಾರ್ಟ್ ಮಾಡಿದಾಗಲೇ ಗೊತ್ತಾಗೋದು. ಮರ್ಜ್ ಮಾಡುವಾಗ ಕಾನ್‌ಫ್ಲಿಕ್ಟ್ ಬರುತ್ತಿದ್ದದ್ದೂ ಅದೇ ಫೈಲಿನಲ್ಲಿ.

ಎಕ್ಸ್‌ಎಂಎಲ್ ಬದಲು ಕೋಡ್‌ನಲ್ಲೇ ಬರೆಯುವ ಗುರುತುಗಳು, ಅಂದರೆ ಅನೊಟೇಷನ್‌ಗಳು, @ಆಟೋವೈರ್ಡ್ (ಬೇಕಾದ ಬೀನ್ ತಂದುಕೊಡು ಅಂತ), @ಸರ್ವೀಸ್ (ಈ ಕ್ಲಾಸನ್ನು ಬೀನ್ ಮಾಡು ಅಂತ) ಇವೆಲ್ಲ 2007ರಲ್ಲೇ ಸ್ಪ್ರಿಂಗ್ 2.5ರ ಜೊತೆ ಬಂದಿದ್ದವು. 2009ರ ಕೊನೆಗೆ 3.0 ಬಂದಾಗ @ಕಾನ್ಫಿಗರೇಷನ್, @ಬೀನ್ ಕೂಡ ಸೇರಿದವು. ನಮ್ಮಲ್ಲಿ ಮಾತ್ರ ‘ಓಡ್ತಾ ಇದೆ ಅಲ್ವಾ, ಸುಮ್ನೆ ಯಾಕೆ ಮುಟ್ಟೋದು’ ಅಂತ ಬಿಟ್ಟಿದ್ದೆವು.

ಶುರು ಮಾಡಿದಾಗ ಎಲ್ಲವನ್ನೂ ಒಂದೇ ಸಲ ಬದಲಾಯಿಸಲು ಹೋಗಲಿಲ್ಲ. ಅದೇ ಎಕ್ಸ್‌ಎಂಎಲ್‌ಗೆ ಕಾಂಪೊನೆಂಟ್ ಸ್ಕ್ಯಾನ್ (ಅನೊಟೇಷನ್ ಇರುವ ಕ್ಲಾಸ್‌ಗಳನ್ನು ಸ್ಪ್ರಿಂಗ್ ತಾನೇ ಹುಡುಕುವುದು) ಸಾಲು ಸೇರಿಸಿ, ಒಂದು ಪ್ಯಾಕೇಜಿನ ಹೆಸರು ಮಾತ್ರ ಕೊಟ್ಟೆ. ಆ ಪ್ಯಾಕೇಜಿನ ಕ್ಲಾಸ್‌ಗಳಿಗೆ @ಸರ್ವೀಸ್, @ರೆಪಾಸಿಟರಿ ಹಾಕಿದೆ. ಹಳೆಯ ಬೀನ್ ಸಾಲುಗಳನ್ನು ಧೈರ್ಯಕ್ಕೆ ಇರಲಿ ಅಂತ ಎರಡು ದಿನ ಹಾಗೇ ಉಳಿಸಿದೆ. ಎರಡೂ ಕಡೆ ಹೆಸರು ಒಂದೇ ಆಗಿದ್ದರಿಂದ ಸ್ಪ್ರಿಂಗ್ ಒಂದೇ ಬೀನ್ ಮಾಡುತ್ತಿತ್ತು, ತೊಂದರೆ ಇರಲಿಲ್ಲ.

ಮೂರನೇ ಪ್ಯಾಕೇಜಿಗೆ ಬಂದಾಗ ಟೆಸ್ಟ್ ಸರ್ವರ್‌ನಿಂದ ನನ್ನ ಫೋನಿಗೆ ಒಂದೇ ಬಿಲ್ಲಿನ ಮೆಸೇಜ್ ಎರಡು ಸಲ ಬಂತು. ಲಾಗ್‌ನಲ್ಲಿ ಎರರ್ ಇಲ್ಲ. ಅರ್ಧ ದಿನ ಎಸ್‌ಎಂಎಸ್ ಗೇಟ್‌ವೇ ಮೇಲೆ ಅನುಮಾನಪಟ್ಟೆ. ಕೊನೆಗೆ ಮೆಸೇಜ್ ಕಳಿಸುವ ಕ್ಲಾಸಿನ ಬೀನ್‌ಗಳು ಎಷ್ಟಿವೆ ಅಂತ, ಬೀನ್‌ಗಳನ್ನೆಲ್ಲ ಇಟ್ಟುಕೊಂಡಿರುವ ಸ್ಪ್ರಿಂಗ್ ಕಂಟೆಕ್ಸ್ಟ್‌ನಿಂದಲೇ ಕೇಳಿ ಪ್ರಿಂಟ್ ಮಾಡಿಸಿದರೆ, ಎರಡು ಹೆಸರು! ಸ್ಕ್ಯಾನ್ ಮಾಡಿದ ಬೀನ್‌ಗೆ ಸ್ಪ್ರಿಂಗ್ ಕ್ಲಾಸಿನ ಹೆಸರನ್ನೇ ಇಡುತ್ತದೆ, ಮೊದಲ ಅಕ್ಷರವನ್ನು ಮಾತ್ರ ಸಣ್ಣಕ್ಷರ ಮಾಡುತ್ತದೆ. ಆದರೆ ಮೊದಲ ಎರಡೂ ಅಕ್ಷರ ದೊಡ್ಡಕ್ಷರ ಆಗಿದ್ದರೆ ಹೆಸರನ್ನು ಇದ್ದ ಹಾಗೇ ಬಿಡುತ್ತದೆ. ನಮ್ಮ ಎಸ್‌ಎಂಎಸ್‌ಸೆಂಡರ್ ಕ್ಲಾಸಿನ ಎಸ್‌ಎಂಎಸ್ ಪೂರ್ತಿ ದೊಡ್ಡಕ್ಷರದಲ್ಲಿತ್ತು. ಎಕ್ಸ್‌ಎಂಎಲ್‌ನಲ್ಲಿ ಅದನ್ನೇ ಸಣ್ಣಕ್ಷರದಲ್ಲಿ ಬರೆದಿದ್ದರು. ಹೆಸರು ಎರಡಾಯಿತು, ಬೀನ್‌ಗಳೂ ಎರಡಾದವು. ಎರಡೂ ತಮ್ಮ ತಮ್ಮ ಥ್ರೆಡ್ ಶುರು ಮಾಡಿಕೊಂಡು ಒಂದೇ ಟೇಬಲ್ಲಿನಿಂದ ಮೆಸೇಜ್ ಎತ್ತಿ ಕಳಿಸುತ್ತಿದ್ದವು.

ಒಂದು ಟೈಪಿಗೆ ಎರಡು ಬೀನ್ ಇದ್ದರೆ ಸ್ಪ್ರಿಂಗ್ ಎರರ್ ಕೊಡಬೇಕಲ್ಲ? ಕೊಡುತ್ತದೆ. ಆದರೆ ಅದಕ್ಕೂ ಮುಂಚೆ ಫೀಲ್ಡಿನದೋ ಪ್ಯಾರಾಮೀಟರಿನದೋ ಹೆಸರಿನ ಬೀನ್ ಇದೆಯಾ ಅಂತ ನೋಡುತ್ತದೆ. ನಮ್ಮ ಕೋಡ್‌ನಲ್ಲಿ ಎಲ್ಲ ಕಡೆ ಆ ಹೆಸರು ಎಕ್ಸ್‌ಎಂಎಲ್‌ನಲ್ಲಿ ಇದ್ದದ್ದೇ ಆಗಿತ್ತು. ಹಾಗಾಗಿ ಅದನ್ನೇ ಆರಿಸಿಕೊಂಡು ಮುಂದೆ ಹೋಗಿತ್ತು. ಆ ಕ್ಲಾಸಿನ ಮೇಲಿದ್ದ @ಕಾಂಪೊನೆಂಟ್ ಒಳಗೆ ಹಳೆಯ ಹೆಸರನ್ನೇ ಬರೆದು, ಎಕ್ಸ್‌ಎಂಎಲ್ ಸಾಲು ಅಳಿಸಿದೆ. ಆಮೇಲಿಂದ ಅನೊಟೇಷನ್ ಹಾಕಿದ ಕಮಿಟ್‌ನಲ್ಲೇ ಹಳೆಯ ಸಾಲನ್ನೂ ತೆಗೆಯುತ್ತಿದ್ದೇನೆ.

ಫೀಲ್ಡ್ ಮೇಲೆ @ಆಟೋವೈರ್ಡ್ ಹಾಕೋದು ಬಹಳ ಸುಲಭ. ಆದರೂ ನಾನು ಬೇಕಾದ ಬೀನ್‌ಗಳನ್ನು ಕನ್ಸ್ಟ್ರಕ್ಟರ್ ಮೂಲಕವೇ ತೆಗೆದುಕೊಂಡೆ. ಫೀಲ್ಡ್‌ಗಳನ್ನು ಫೈನಲ್ ಮಾಡಬಹುದು. ಟೆಸ್ಟ್ ಬರೆಯುವಾಗ ಸ್ಪ್ರಿಂಗ್ ಇಲ್ಲದೆ ಸೀದಾ ಆಬ್ಜೆಕ್ಟ್ ಮಾಡಬಹುದು. ಸ್ಪ್ರಿಂಗ್ 4.3ರಿಂದ ಈಚೆಗೆ ಕ್ಲಾಸಿಗೆ ಒಂದೇ ಕನ್ಸ್ಟ್ರಕ್ಟರ್ ಇದ್ದರೆ @ಆಟೋವೈರ್ಡ್ ಬರೆಯುವುದೂ ಬೇಡ. ಒಂದು ಸರ್ವೀಸ್‌ನ ಕನ್ಸ್ಟ್ರಕ್ಟರ್‌ಗೆ 11 ಪ್ಯಾರಾಮೀಟರ್ ಬಂದಾಗ ನನಗೇ ಗಾಬರಿ ಆಯಿತು. ಎಕ್ಸ್‌ಎಂಎಲ್‌ನಲ್ಲಿದ್ದಷ್ಟು ದಿನ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಅದನ್ನು ಮೂರು ಕ್ಲಾಸ್ ಮಾಡಿದೆವು.

ನಾವು ಬರೆಯದ ಕ್ಲಾಸ್‌ಗಳ ಮೇಲೆ ಅನೊಟೇಷನ್ ಹಾಕಲು ಆಗುವುದಿಲ್ಲವಲ್ಲ. ಡೇಟಾಸೋರ್ಸ್ (ಡೇಟಾಬೇಸ್ ಕನೆಕ್ಷನ್ ಕೊಡುವುದು), ಮೇಲ್ ಸೆಂಡರ್ ಅಂಥವುಗಳಿಗೆ @ಕಾನ್ಫಿಗರೇಷನ್ ಕ್ಲಾಸಿನಲ್ಲಿ @ಬೀನ್ ಮೆಥಡ್ ಬರೆದೆ. ಅಲ್ಲಿ @ಕಾನ್ಫಿಗರೇಷನ್ ಬದಲು @ಕಾಂಪೊನೆಂಟ್ ಹಾಕಬೇಡಿ. ಹಾಕಿದರೆ ಒಂದು @ಬೀನ್ ಮೆಥಡ್ ಇನ್ನೊಂದನ್ನು ಕರೆದಾಗಲೆಲ್ಲ ಹೊಸ ಆಬ್ಜೆಕ್ಟ್ ಹುಟ್ಟುತ್ತದೆ. ಡೇಟಾಸೋರ್ಸ್ ಹಾಗೆ ಎರಡೆರಡಾದರೆ ಕನೆಕ್ಷನ್ ಪೂಲ್ ಕೂಡ ಎರಡೆರಡು.

ಈಗ ಎಕ್ಸ್‌ಎಂಎಲ್‌ನಲ್ಲಿ ಉಳಿದಿರುವುದು 60 ಸಾಲು. ಅಷ್ಟೂ ರಿಪೋರ್ಟ್ ಭಾಗದ್ದು, @ಇಂಪೋರ್ಟ್‌ರಿಸೋರ್ಸ್ ಮೂಲಕ ಓದಿಸುತ್ತೇವೆ. ಮುಂದಿನ ತಿಂಗಳು ರಿಪೋರ್ಟ್‌ಗಳನ್ನೇ ಹೊಸದಾಗಿ ಬರೆಯುತ್ತಿದ್ದೇವೆ, ಅಲ್ಲಿಯವರೆಗೆ ಅದನ್ನು ಮುಟ್ಟುವುದಿಲ್ಲ.